ಹಾರ್ಟ್ಲ್‌ಪೂಲ್ ಹೋಯ್ತು. ಲೇಬರ್ ನಾಯಕ ಸ್ಟಾರ್ಮರ್ ಇರಬೇಕಾ, ಹೋಗಬೇಕಾ?

ಟೀಸ್ ದಂಡೆ
8 ಮೇ 2021, ಬೆಳಿಗ್ಗೆ 9:10

ನಿನ್ನೆ ಬೆಳಿಗ್ಗೆಯಿಂದ ಯಾರ ಹತ್ತಿರವೂ ಮಾತಾಡೋಕೆ ಮನಸ್ಸಿಲ್ಲ. ಇಲ್ಲಿ ಬರೆದು ಹಗುರಾಗೋಣ ಅಂತ ಕೂತಿದ್ದೀನಿ. ಹಾರ್ಟ್ಲ್‌ಪೂಲ್ ಪಾರ್ಲಿಮೆಂಟ್ ಉಪಚುನಾವಣೇಲಿ ಆಡಳಿತದಲ್ಲಿರೋ ಕನ್ಸರ್ವೇಟಿವ್‌ನ ಜಿಲ್ ಮಾರ್ಟಿಮರ್‌ಗೆ 15,529 ವೋಟು, ನಮ್ಮ ಲೇಬರ್‌ನ ಪಾಲ್ ವಿಲಿಯಮ್ಸ್‌ಗೆ 8,589. ಅಂತರ 6,940. 1974ರಲ್ಲಿ ಈ ಕ್ಷೇತ್ರ ಹುಟ್ಟಿದಾಗಿನಿಂದ ಒಮ್ಮೆಯೂ ಲೇಬರ್ ಕೈಬಿಟ್ಟ ಊರಲ್ಲ. ಎಣಿಕೆ ನಡೀತಿದ್ದ ಕಟ್ಟಡದ ಹೊರಗೆ ಪ್ರಧಾನಿ ಬೋರಿಸ್ ಜಾನ್ಸನ್‌ರ ಗಾಳಿ ತುಂಬಿದ ದೈತ್ಯ ಬೊಂಬೆ ಬೇರೆ ನಿಲ್ಲಿಸಿದ್ದರು. ಆ ಫೋಟೋ ಇನ್ನು ಹತ್ತು ವರ್ಷ ನಮ್ಮನ್ನ ಬಿಡಲ್ಲ.

ನಾನಿರೋದು ಮಿಡಲ್ಸ್‌ಬರೋ, ಹಾರ್ಟ್ಲ್‌ಪೂಲ್‌ಗೆ ಅರ್ಧ ಗಂಟೆ ದಾರಿ. ಏಪ್ರಿಲ್‌ನಲ್ಲಿ ಮೂರು ಶನಿವಾರ ಮನೆಮನೆ ಪ್ರಚಾರಕ್ಕೆ ಹೋಗಿದ್ದೆ. ಇಲ್ಲಿಯ ಬಾಗಿಲುಗಳ ಅಂಚೆ ಕಿಂಡಿಯ ಒಳಗಡೆ ಗಡುಸು ಬ್ರಷ್ ಇರುತ್ತೆ, ಕೈ ಹಾಕಿದರೆ ಬೆರಳಿನ ಗಿಣ್ಣು ತರಚಿಹೋಗುತ್ತೆ. ಒಳಗೆ ನಾಯಿ ಇದ್ದರಂತೂ ದೇವರೇ ಗತಿ. ಅದಕ್ಕೆ ಅಡುಗೆಮನೆಯಿಂದ ಚಪ್ಪಟೆ ಮರದ ಸೌಟು ತಗೊಂಡು ಹೋಗಿದ್ದೆ. ಕರಪತ್ರ ಅದಕ್ಕೆ ಸುತ್ತಿ ಒಳಗೆ ತಳ್ಳೋದು. ಬೆಲ್ ಒತ್ತಿದ ಮೇಲೆ ಕೋವಿಡ್ ನಿಯಮದಂತೆ ಎರಡು ಮೀಟರ್ ಹಿಂದೆ ಬಂದು, ಮಾಸ್ಕ್ ಹಾಕ್ಕೊಂಡು, ಕೂಗಿ ಮಾತಾಡಬೇಕು.

ಒಬ್ಬ ಮುದುಕಪ್ಪ, ಉಕ್ಕಿನ ಕಾರ್ಖಾನೇಲಿ ದುಡಿದವರಂತೆ. ಒಂದು ಕೈಯಲ್ಲಿ ಚಹಾ ಮಗ್ಗು. ಬೈಲಿಲ್ಲ, ಬಾಗಿಲು ದಡಾರ್ ಅಂತ ಹಾಕಲೂ ಇಲ್ಲ. ಕರಪತ್ರ ತಿರುವಿ ಹಿಂದೆ ಮುಂದೆ ನೋಡಿ, "ಸರಿ ಮಗಾ, ನಿಮ್ಮವರು ಬಂದರೆ ಏನು ಮಾಡ್ತಾರೆ, ಒಂದು ಮಾತಲ್ಲಿ ಹೇಳು" ಅಂದರು. ನಾನು ದಾದಿಯರ ಸಂಬಳದಿಂದ ಶುರು ಮಾಡಿದೆ. ಸರ್ಕಾರ ಬರೀ 1% ಏರಿಕೆ ಅಂದಿದೆ ಅಂದೆ, ಆಮೇಲೆ ಕೋವಿಡ್ ಗುತ್ತಿಗೆಗಳಲ್ಲಿ ನಡೆದ ಸ್ವಜನಪಕ್ಷಪಾತ ಅಂದೆ, ಪ್ರಧಾನಿಯ ಡೌನಿಂಗ್ ಸ್ಟ್ರೀಟ್ ಮನೆಯ ದುಬಾರಿ ವಾಲ್‌ಪೇಪರ್ ಅಂದೆ. ಅವರು ಚಹಾ ಕುಡಿದು ಮುಗಿಸಿದರು, ನನ್ನ ಮಾತು ಮುಗೀಲಿಲ್ಲ. "ನಂಗೆ ಎರಡು ಡೋಸ್ ಲಸಿಕೆ ಆಗಿದೆ ಕಣಪ್ಪ" ಅಂತ ನಕ್ಕು ಒಳಗೆ ಹೋದರು.

ಸೋಲಿಗೆ ನೂರು ಕಾರಣ ಇರಬಹುದು. ಆದರೆ ನಾಯಕ ಬಂದು ಒಂದು ವರ್ಷ ಒಂದು ತಿಂಗಳಾಯ್ತು, ಬಾಗಿಲಲ್ಲಿ ನಿಂತವನ ಬಾಯಿಗೆ ಇನ್ನೂ ಒಂದು ಮಾತು ಕೊಟ್ಟಿಲ್ಲ. ಲೇಬರ್‌ಗೆ ವೋಟು ಹಾಕೋರು ಇಲ್ಲಿ ತುಂಬ ಜನ ಇದ್ದೀರಿ. ಏನಂತೀರಿ?

ಹುಬ್ಬಳ್ಳಿ ಮಿರ್ಚಿ
8 ಮೇ 2021, ಬೆಳಿಗ್ಗೆ 9:42

ಏನಂತೀವಿ? ನಾವು ಏಪ್ರಿಲ್ 2020ರಿಂದ ಅದನ್ನ ಅನ್ಕೋತ ಬಂದೀವಿ, ನೀವು ಈಗ ಕೇಳಾಕತ್ತೀರಿ.

ಈ ಮನಷ್ಯಾ ನಾಯಕ ಆಗಬೇಕಾದ್ರ ಹತ್ತು ವಚನ ಕೊಟ್ಟಿದ್ದ. ರೈಲು, ಅಂಚಿ, ನೀರು, ಕರೆಂಟು ಎಲ್ಲಾ ಸಾರ್ವಜನಿಕ ಒಡೆತನಕ್ಕ ತರ್ತೀನಿ, ಕಾಲೇಜ್ ಫೀ ತಗೀತೀನಿ, ಮ್ಯಾಲಿನ 5% ಮಂದಿಗೆ ಆದಾಯ ತೆರಿಗಿ ಏರಸ್ತೀನಿ. ಅದನ್ನ ನೋಡೇ 56.2% ಮಂದಿ ವೋಟ್ ಹಾಕಿದ್ದು. ಗೆದ್ದ ಮ್ಯಾಲ ಆ ಹಾಳಿ ಎಲ್ಲಿ ಹೋತೋ ಆ ದೇವರಿಗೇ ಗೊತ್ತು. ಜೂನ್‌ನ್ಯಾಗ ಎಡಪಂಥದ ರೆಬೆಕಾ ಲಾಂಗ್ ಬೇಲಿನ ತನ್ನ ತಂಡದಿಂದ ತಗದ, ಅಕ್ಟೋಬರ್‌ನ್ಯಾಗ ಹಿಂದಿನ ನಾಯಕ ಕಾರ್ಬಿನ್‌ನ ಪಕ್ಷದಿಂದ ಅಮಾನತ್ ಮಾಡಿದ. ಪಕ್ಷಕ್ಕ ವಾಪಸ್ ತಗೊಂಡ್ರೂ ಸಂಸದರ ಗುಂಪಿನ ಹೊರಗ ನಿಲ್ಲಿಸ್ಯಾರ. ಶಾಖಾ ಸಭಿಯೊಳಗ ಆ ವಿಷಯ ಎತ್ತಬ್ಯಾಡ್ರಿ ಅಂತ ಮ್ಯಾಲಿಂದ ಸೂಚನಾ ಬ್ಯಾರೆ. ಮನಿಯವರ ಮ್ಯಾಲ ಇಷ್ಟ್ ಜೋರ್ ಮಾಡಾವ, ಬುಧವಾರ ಪಾರ್ಲಿಮೆಂಟಿನ ಪ್ರಶ್ನೋತ್ತರದಾಗ ಜಾನ್ಸನ್ ಮುಂದ ನಿಂತ್ರ ಲಾಕ್‌ಡೌನ್‌ಗೆ ಬೆಂಬಲ ಐತಿ, ಆದ್ರ ಸ್ವಲ್ಪ ತಡಾ ಆತು ಅಂತಾನ.

ಒಂದ್ ಮಾತ್ ನೆನಪಿಡ್ರಿ. ಹಾರ್ಟ್ಲ್‌ಪೂಲ್ 2017ರಾಗ ಗೆದ್ದೀವಿ, 2019ರಾಗೂ ಗೆದ್ದೀವಿ. ಆಗ ನಾಯಕ ಯಾರಿದ್ರು?

ಕುಡ್ಲದ ಕಪ್ಪು ಕೋಟು
8 ಮೇ 2021, ಬೆಳಿಗ್ಗೆ 10:15

ಮಿರ್ಚಿಯವರೇ, ಸ್ವಲ್ಪ ತಣ್ಣಗೆ. ಲೆಕ್ಕ ನೋಡುವ.

2019ರಲ್ಲಿ ಹಾರ್ಟ್ಲ್‌ಪೂಲ್‌ನಲ್ಲಿ ನಮಗೆ ಬಂದದ್ದು 37.7%. ಕನ್ಸರ್ವೇಟಿವ್ 28.9%. ಮೂರನೇ ಜಾಗದಲ್ಲಿ ಯಾರು? ಬ್ರೆಕ್ಸಿಟ್ ಪಾರ್ಟಿಯ ರಿಚರ್ಡ್ ಟೈಸ್, 25.8%. ಆ ಎರಡನ್ನು ಕೂಡಿಸಿ ಮಾರಾಯ್ರೆ, 54.7 ಆಗ್ತದೆ. ಇವತ್ತು ಮಾರ್ಟಿಮರ್‌ಗೆ ಬಂದದ್ದು 51.9. 2019ರಲ್ಲಿ ನಾವು ಗೆದ್ದದ್ದಲ್ಲ, ಅವರಿಬ್ಬರು ಹಂಚಿಕೊಂಡದ್ದರಿಂದ ಉಳಿದದ್ದು. ಹತ್ತರಲ್ಲಿ ಏಳು ಜನ ಯುರೋಪಿನಿಂದ ಹೊರಗೆ ಬರಬೇಕು ಅಂತ ಮತ ಹಾಕಿದ ಊರು ಅದು.

ಮತ್ತೆ 2019ರಲ್ಲಿ ದೇಶದಲ್ಲಿ ಎಂತ ಆಯ್ತು? 202 ಸೀಟು, 1935ರ ನಂತರ ಇಷ್ಟು ಕೆಳಗೆ ಇಳಿದದ್ದೇ ಇಲ್ಲ. ನಮ್ಮ ಹಿಂದಿನ ಪ್ರಧಾನಿ ಬ್ಲೇರ್ ಗೆಲ್ಲುತ್ತಿದ್ದ ಸೆಜ್‌ಫೀಲ್ಡ್ ಹೋಯ್ತು, ಡೆನಿಸ್ ಸ್ಕಿನ್ನರ್ 49 ವರ್ಷ ಕೂತಿದ್ದ ಬೋಲ್ಸೋವರ್ ಹೋಯ್ತು. ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗ ಯಹೂದಿ ವಿರೋಧಿ ನಡವಳಿಕೆ ವಿಷಯದಲ್ಲಿ ಪಕ್ಷವೇ ಕಾನೂನು ಮುರಿದಿದೆ ಅಂತ ಬರೆದು ಕೊಟ್ಟಿತು. ಅಂಥ ಮನೆಯನ್ನು ಒಬ್ಬ ತಗೊಂಡಿದ್ದಾನೆ, ಅದೂ ಲಾಕ್‌ಡೌನಿನಲ್ಲಿ, ಗೆಲುವಿನ ಭಾಷಣವನ್ನೂ ವಿಡಿಯೊದಲ್ಲಿ ಮಾಡಿ. ಬುಧವಾರದ ಪ್ರಶ್ನೋತ್ತರ ನೋಡಿ. ಆರು ಪ್ರಶ್ನೆ, ಆರೂ ಪಾಟೀಸವಾಲಿನ ಹಾಗೆ ಒಂದರ ಬಾಲ ಇನ್ನೊಂದು ಹಿಡಿದುಕೊಂಡು ಬರ್ತದೆ. ಜಾನ್ಸನ್ ಒಂದಕ್ಕೂ ನೇರ ಉತ್ತರ ಕೊಟ್ಟದ್ದಿಲ್ಲ. ಐದು ವರ್ಷ ಪ್ರಾಸಿಕ್ಯೂಷನ್ ಮುಖ್ಯಸ್ಥ ಆಗಿದ್ದವನ ಕಸುಬು ಅದು.

ಟೀಸ್ ದಂಡೆ
8 ಮೇ 2021, ಬೆಳಿಗ್ಗೆ 10:31

ಸಾರ್, 54.7ರ ಲೆಕ್ಕ ಒಪ್ಪಿದೆ. ಆದರೆ ನಮ್ಮ 37.7 ಯಾಕೆ 28.7 ಆಯ್ತು? ಆ ಒಂಬತ್ತು ಟೈಸ್ ತಗೊಂಡು ಹೋಗಿದ್ದಲ್ಲ. ಬ್ರೆಕ್ಸಿಟ್ ಬಗ್ಗೆ ಎರಡನೇ ಜನಮತಗಣನೆ ಬೇಕು ಅಂತ ಪಕ್ಷವನ್ನ ಆ ಕಡೆ ಎಳೆದವರಲ್ಲಿ ಸ್ಟಾರ್ಮರೇ ಮುಂದಿದ್ದರು, ಆಗ ಬ್ರೆಕ್ಸಿಟ್ ಖಾತೆಯ ನೆರಳು ಸಚಿವ, ಅಂದರೆ ಸರ್ಕಾರದ ಆ ಸಚಿವರಿಗೆ ಎದುರಾಗಿ ವಿರೋಧ ಪಕ್ಷದಿಂದ ನಿಲ್ಲೋರು. ಅಂಥ ಊರಿಗೆ ಕೊಟ್ಟ ಅಭ್ಯರ್ಥಿಯೂ ಯುರೋಪಿನಲ್ಲೇ ಇರೋಣ ಅಂದವರು. ಜನಕ್ಕೆ ಮರೆವಿಲ್ಲ.

ಬುಧವಾರದ ಪ್ರಶ್ನೋತ್ತರ ನಾನೂ ನೋಡ್ತೀನಿ, ಖುಷೀನೂ ಆಗುತ್ತೆ. ಮೂರು ಶನಿವಾರದಲ್ಲಿ ಎಷ್ಟು ಬಾಗಿಲು ಬಡಿದೆನೋ, ಅದರ ಸುದ್ದಿ ಎತ್ತಿದವರು ಒಬ್ಬರೂ ಇಲ್ಲ.

ನೀಲಿ ಪೇಟ
8 ಮೇ 2021, ಬೆಳಿಗ್ಗೆ 11:05

ಪಕ್ಕದ ಮನೆಯವನು ಬೇಲಿ ಮೇಲಿಂದ ಒಂದು ಮಾತು ಹೇಳಿ ಹೋಗ್ತೀನಿ, ಕಲ್ಲು ಹೊಡೀಬೇಡಿ. ನಾನು ಕನ್ಸರ್ವೇಟಿವ್.

ಬುಧವಾರದ ಶೂರರ ಕಥೆ ನಮ್ಮನ್ನ ಕೇಳಿ. ನಮ್ಮ ನಾಯಕ ವಿಲಿಯಂ ಹೇಗ್ 1997ರಿಂದ 2001ರವರೆಗೆ ಬ್ಲೇರ್‌ನ ಮಾತಲ್ಲೇ ಮಣ್ಣು ಮುಕ್ಕಿಸ್ತಿದ್ದರು. ಸದನವೆಲ್ಲ ನಗೋದು, ಬ್ಲೇರೂ ನಗೋರು. 2001ರಲ್ಲಿ ಫಲಿತಾಂಶ 166 ಸೀಟು. ಹಿಂದಿನ ಸಲಕ್ಕಿಂತ ಒಂದು ಜಾಸ್ತಿ. ಒಂದೇ ಒಂದು! ಆಮೇಲೆ ನಮ್ಮ ಸದಸ್ಯರು ಇಯಾನ್ ಡಂಕನ್ ಸ್ಮಿತ್‌ರನ್ನ ಆರಿಸಿದರು. ಎರಡು ವರ್ಷ ನೋಡಿ ಸಂಸದರು 90ಕ್ಕೆ 75ರಿಂದ ಮನೆಗೆ ಕಳಿಸಿದರು. ನಮ್ಮಲ್ಲಿ 15% ಸಂಸದರು ಚೀಟಿ ಬರೆದುಕೊಟ್ಟರೆ ನಾಯಕರ ಮೇಲೆ ಅವಿಶ್ವಾಸ ಮತ ನಡೆಯುತ್ತೆ. ನಿಮ್ಮಲ್ಲಿ 172 ಸಂಸದರು ಬೇಡ ಅಂದರೂ ಕಾರ್ಬಿನ್ ಹೋಗಲಿಲ್ಲ. ಹಾಗಾಗಿ ಇರಬೇಕಾ, ಹೋಗಬೇಕಾ ಅಂತ ನೀವು ಇಲ್ಲಿ ಗುದ್ದಾಡೋದರಿಂದ ಏನೂ ಆಗಲ್ಲ. ನನಗೆ ಮನರಂಜನೆ, ಅಷ್ಟೆ.

ಹುಬ್ಬಳ್ಳಿ ಮಿರ್ಚಿ
8 ಮೇ 2021, ಬೆಳಿಗ್ಗೆ 11:20

ನೀಲಿ ಪೇಟದವರು ಮಾತು ತಗದ್ರು ಅಂತ ಹೇಳ್ತೀನಿ. 172ಕ್ಕ 40, 28 ಜೂನ್ 2016. ಐದು ದಿನದ ಹಿಂದ ಬ್ರೆಕ್ಸಿಟ್ ವೋಟ್ ಆಗಿತ್ತು, ಕನ್ಸರ್ವೇಟಿವ್ ಪ್ರಧಾನಿ ಕ್ಯಾಮರಾನ್ ರಾಜೀನಾಮಾ ಘೋಷಣಾ ಮಾಡಿದ್ರು. ಎದುರಿನ ಮನಿಗೆ ಬೆಂಕಿ ಬಿದ್ದಾಗ ನಮ್ಮವರು ನಮ್ಮ ಚಪ್ಪರ ಕಿತ್ತಾಕತ್ತಿದ್ರು. ಸದಸ್ಯರು ಏನ್ ಮಾಡಿದ್ರು? ಸೆಪ್ಟೆಂಬರ್‌ನ್ಯಾಗ 61.8% ವೋಟ್ ಕೊಟ್ಟು ಕಾರ್ಬಿನ್‌ನ ವಾಪಸ್ ಕುಂದರಿಸಿದ್ರು. ಮೊದಲಿನ ಸಲ 59.5 ಇತ್ತು, ಅದಕ್ಕಿಂತ ಹೆಚ್ಚು.

ನಾನು 2015ರಾಗ ನಾಯಕನ ಆರಸೂ ವೋಟ್ ಹಾಕಾಕ 3 ಪೌಂಡ್ ಕೊಟ್ಟು ಬೆಂಬಲಿಗ ಆದಾವ. ಅವತ್ತು ಒಂದು ಕಾಫಿ ಬಿಟ್ಟೆ, ಅಷ್ಟ. 2016ರಾಗ ಅದನ್ನ 25 ಪೌಂಡ್ ಮಾಡಿದ್ರು, ಬಡವರು ಬರಬಾರದಂತ. ಮಂದಿ ಆದ್ರೂ ಬಂದ್ರು. 2017ರಾಗ ಇಪ್ಪತ್ತು ಅಂಕ ಹಿಂದ ಅದೀವಿ ಅಂತಿದ್ರು, ಬಂದದ್ದು 40%. 30 ಸೀಟು ಹೆಚ್ಚಾತು, ಕೆನ್ಸಿಂಗ್ಟನ್ ಅನ್ನೋ ಶ್ರೀಮಂತರ ಓಣಿ 20 ವೋಟಿಲೆ ಗೆದ್ವಿ. ಪ್ರಧಾನಿ ತೆರೇಸಾ ಮೇ ಬಹುಮತ ಕಳಕೊಂಡ್ರು. ಯಾಕಂದ್ರ ಅವತ್ತು ಬಾಗಲದಾಗ ನಿಂತಾಗ ಹೇಳಾಕ ಒಂದ್ ಮಾತಿತ್ತು. ಫೀ ಇಲ್ಲ, ರೈಲು ನಮ್ಮದು. ಟೀಸ್ ದಂಡೆಯವರ, ನಿಮ್ಮ ಮುದುಕಪ್ಪಗ ಎರಡು ಗುಟುಕು ಚಾದೊಳಗ ಹೇಳಿ ಮುಗಸಬಹುದಿತ್ತು.

ಕುಡ್ಲದ ಕಪ್ಪು ಕೋಟು
8 ಮೇ 2021, ಬೆಳಿಗ್ಗೆ 11:48

40% ಬಂತು, ಸರ್ಕಾರ ಬಂತಾ? ಅದು 2010ರಿಂದ ಸಾಲಾಗಿ ಮೂರನೇ ಸೋಲು. ಅದೇ ವರ್ಷ ಫೆಬ್ರುವರಿಯಲ್ಲಿ ಕೋಪ್‌ಲ್ಯಾಂಡ್ ಉಪಚುನಾವಣೆ ಸೋತದ್ದು ಮರೆತಿರಾ? ಆಡಳಿತ ಪಕ್ಷ ಉಪಚುನಾವಣೆಯಲ್ಲಿ ವಿರೋಧ ಪಕ್ಷದ ಸೀಟು ಕಸಿದದ್ದು 1982ರ ನಂತರ ಅದೇ ಮೊದಲು. ಹಾಗಾಗಿ ಹಾರ್ಟ್ಲ್‌ಪೂಲ್ ಹೊಸ ಅವಮಾನ ಅಲ್ಲ, ಅದರ ಅಣ್ಣ ನಿಮ್ಮ ಕಾಲದಲ್ಲೇ ಹುಟ್ಟಿದ್ದಾನೆ.

ಹೊಸ ವೀಸಾ
8 ಮೇ 2021, ಮಧ್ಯಾಹ್ನ 12:30

ನಮಸ್ಕಾರ, ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಬಂದು ಐದು ತಿಂಗಳು, ರೆಡಿಂಗ್‌ನಲ್ಲಿದ್ದೀನಿ, ಕೈಯಲ್ಲಿರೋದು ಭಾರತದ ಪಾಸ್‌ಪೋರ್ಟು. ನೀವೆಲ್ಲ ವೋಟು ವೋಟು ಅಂತಿದ್ದೀರ. ಇಲ್ಲಿಯ ಪೌರತ್ವ ತಗೊಂಡ ಮೇಲೆ ತಾನೇ?

ಲೆಸ್ಟರ್ ಅಮ್ಮ
8 ಮೇ 2021, ಮಧ್ಯಾಹ್ನ 12:55

ಇಲ್ಲ ಮಗಾ. ಕಾಮನ್‌ವೆಲ್ತ್ ದೇಶದವರು ಇಲ್ಲಿ ಕಾನೂನುಬದ್ಧವಾಗಿ ವಾಸ ಇದ್ದರೆ ಸಾಕು, ಪಾರ್ಲಿಮೆಂಟ್ ಚುನಾವಣೆಗೂ ವೋಟು ಹಾಕಬಹುದು. ನಿಮ್ಮ ಕೌನ್ಸಿಲ್‌ನ ಮತದಾರರ ಪಟ್ಟೀಲಿ ಹೆಸರು ಸೇರಿಸಿಕೊ, ಇವತ್ತೇ. ಬ್ಯಾಂಕಿನವರು ಸಾಲ ಕೊಡೋವಾಗಲೂ ಆ ಪಟ್ಟಿ ನೋಡ್ತಾರೆ, ಅದಕ್ಕಾದರೂ ಸೇರಿಸಿಕೊ.

ಇನ್ನು ನಿಮ್ಮ ಜಗಳಕ್ಕೆ ಬರ್ತೀನಿ. ನಾನು ಶಿವಮೊಗ್ಗದಿಂದ ಬಂದಿದ್ದು 1979ರ ಚಳಿಗಾಲದಲ್ಲಿ. ನಮ್ಮ ಯಜಮಾನರು ಇಲ್ಲಿ ಕಾಲುಚೀಲದ ಮಿಲ್ಲಿನಲ್ಲಿದ್ದರು. ಆಗಿನಿಂದ ಈ ಪಕ್ಷದ ನಾಯಕರನ್ನ ನೋಡ್ತಾ ಬಂದಿದ್ದೀನಿ. ಮೈಕಲ್ ಫುಟ್ ಒಳ್ಳೆ ಮನುಷ್ಯ, ಓದಿಕೊಂಡವರು. 1983ರಲ್ಲಿ 27.6% ಬಂತು. ಎರಡನೇ ಜಾಗವೂ ಕೈತಪ್ಪುತ್ತಿತ್ತು, ಲಿಬರಲ್ ಪಕ್ಷ ಮತ್ತು ಲೇಬರ್‌ನಿಂದ ಒಡೆದು ಹೋದ ಎಸ್‌ಡಿಪಿ ಕೂಟ 25.4ರ ತನಕ ಬಂದಿತ್ತು. ಆಮೇಲೆ ಕಿನೋಕ್. 1985ರಲ್ಲಿ ಬೋರ್ನ್‌ಮತ್ ಸಮ್ಮೇಳನದಲ್ಲಿ ಲಿವರ್‌ಪೂಲ್ ಕೌನ್ಸಿಲ್‌ನ ತಮ್ಮವರ ಮೇಲೇ ಹರಿಹಾಯ್ದರು. ಆ ಕೌನ್ಸಿಲ್‌ನವರು ತಮ್ಮದೇ ನೌಕರರಿಗೆ ಟ್ಯಾಕ್ಸಿಯಲ್ಲಿ ವಜಾ ನೋಟೀಸು ಕಳಿಸಿದ್ದರು, ಅದಕ್ಕೆ. ಟಿವೀಲಿ ನೋಡ್ತಿದ್ದ ನಮ್ಮನೇಲಿ ಇಬ್ಬರಿಗೆ ಜಗಳ ಆಗಿ ಒಂದು ದಿನ ಮಾತಿಲ್ಲ. ನಮ್ಮ ಯಜಮಾನರು ಕಿನೋಕ್ ದ್ರೋಹಿ ಅಂದರು, ನಾನು ಮನೆ ಅಂದಮೇಲೆ ಕಸ ಗುಡಿಸಲೇಬೇಕು ಅಂದೆ.

ಕಿನೋಕ್ ಒಂಬತ್ತು ವರ್ಷ ಗುಡಿಸಿದರು. 1987ರಲ್ಲಿ ಸೋತರು, 1992ರಲ್ಲಿ ಗೆಲ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದಾಗ ಮತ್ತೆ ಸೋತರು. ಎಲೆ ಹಾಕಿದಾಗ ಬಂದು ಕೂತವರು ಬ್ಲೇರ್. ಸ್ಟಾರ್ಮರ್ ಕೈಲೂ ಈಗ ಪೊರಕೆ ಇದೆ. ಊಟಕ್ಕೆ ಕೂರೋರು ಅವರೇನಾ ಅಂತ ನಂಗೆ ಗೊತ್ತಿಲ್ಲ. ಆದರೆ ಮಿರ್ಚಿ, ಪೊರಕೆ ಹಿಡಿದದ್ದಕ್ಕೇ ಬೈಬೇಡಪ್ಪ.

ಹುಬ್ಬಳ್ಳಿ ಮಿರ್ಚಿ
8 ಮೇ 2021, ಮಧ್ಯಾಹ್ನ 1:20

ಅಮ್ಮಾರ, ನಿಮ್ಮ ಮಾತಿಗೆ ಎದುರಾಡೂದಿಲ್ಲ. ಆದ್ರ ಕಸ ಅಂತ ಅನ್ನೂದು ಯಾರಿಗ್ರಿ? ಮಳ್ಯಾಗ ಕರಪತ್ರ ಹಂಚಿದ ಹುಡುಗರಿಗೇನು?

ಲೆಸ್ಟರ್ ಅಮ್ಮ
8 ಮೇ 2021, ಮಧ್ಯಾಹ್ನ 1:41

ಹುಡುಗರಿಗಲ್ಲ ಕಣೋ. 2019ರ ಸೆಪ್ಟೆಂಬರ್‌ನಲ್ಲಿ ಬ್ರೈಟನ್ ಸಮ್ಮೇಳನದಲ್ಲಿ ಕಾಶ್ಮೀರದ ಮೇಲೆ ತುರ್ತು ನಿರ್ಣಯ ಮಾಡಿದರಲ್ಲ, ಅಂಥದ್ದಕ್ಕೆ. ಅದು ಸರಿಯೋ ತಪ್ಪೋ, ಆ ಚರ್ಚೆ ಬೇರೆ, ಇಲ್ಲಿ ಶುರು ಮಾಡಬೇಡಿ. ನಮ್ಮ ಬೀದೀಲಿ ಮೂವತ್ತು ವರ್ಷ ಲೇಬರ್‌ಗೆ ಹಾಕಿದ ಗುಜರಾತಿ ಹೆಂಗಸರು ಆ ಚಳಿಗಾಲ ನನ್ನ ನೋಡಿದರೆ ರಸ್ತೆ ದಾಟಿ ಆ ಕಡೆ ಹೋಗ್ತಿದ್ದರು. ಇದು ಎರಡು ದೇಶಗಳ ನಡುವಿನ ವಿಷಯ ಅಂತ ಪಕ್ಷದ ಅಧ್ಯಕ್ಷರು ಕಾಗದ ಬರೆಯೋ ಹೊತ್ತಿಗೆ ತಡ ಆಗಿತ್ತು. ಸ್ಟಾರ್ಮರ್ ಬಂದ ತಿಂಗಳೊಳಗೇ ಅದನ್ನ ಸರಿಮಾಡೋಕೆ ಮಾತಾಡಿದರು. ಅದು ನಂಗೆ ಹಿಡಿಸಿತು.

ಹೊಸ ವೀಸಾ
8 ಮೇ 2021, ಮಧ್ಯಾಹ್ನ 2:05

ಥ್ಯಾಂಕ್ಸ್ ಅಮ್ಮ, ಅರ್ಜಿ ಹಾಕಿದೆ. ಐದು ನಿಮಿಷ ಕೂಡ ಆಗಲಿಲ್ಲ.

ಹೊರಗಿನವನ ಪ್ರಶ್ನೆ ಒಂದು. ನಮ್ಮೂರಲ್ಲಿ ವಿರೋಧ ಪಕ್ಷದ ನಾಯಕ ಅಂದರೆ ಪಾದಯಾತ್ರೆ, ಧರಣಿ, ಸದನದ ಬಾವಿಗೆ ಇಳಿಯೋದು. ಇಲ್ಲಿ ಟಿವಿ ಹಾಕಿದರೆ ಖಾಲಿ ಬೆಂಚುಗಳ ಮಧ್ಯೆ ಕನ್ನಡಕದವರೊಬ್ಬರು ಎದ್ದು ನಿಂತು ಮೆಲ್ಲಗೆ ಪ್ರಶ್ನೆ ಕೇಳ್ತಾರೆ. ವಿರೋಧ ಅಂದರೆ ಇದೇನಾ?

ಕುಡ್ಲದ ಕಪ್ಪು ಕೋಟು
8 ಮೇ 2021, ಮಧ್ಯಾಹ್ನ 2:30

ಬೆಂಚು ಖಾಲಿ ಇರುವುದು ಕೋವಿಡಿನಿಂದ. ಐವತ್ತು ಜನಕ್ಕಿಂತ ಹೆಚ್ಚು ಒಳಗೆ ಬಿಡುವುದಿಲ್ಲ, ಉಳಿದವರು ಪರದೆಯಲ್ಲಿ. ಮಾಮೂಲಿ ದಿನಗಳಲ್ಲಿ ಅದು ಯಕ್ಷಗಾನದ ಯುದ್ಧದ ಪ್ರಸಂಗದ ಹಾಗೆ ಇರ್ತದೆ. ಹಿಂದಿನ ಬೆಂಚಿನವರು ಕೂಗಿ ಕೂಗಿ ಚಂಡೆಯೇ ಬೇಡ. ಖಾಲಿ ಸದನದಲ್ಲಿ ವಕೀಲನಿಗೆ ಅನುಕೂಲ, ಜಾನ್ಸನ್‌ಗೆ ಕಷ್ಟ. ಅವರು ಚಪ್ಪಾಳೆ ಬಿದ್ದರೆ ಮಾತ್ರ ಕುಣಿಯುವವರು. ಆದರೂ ಸ್ಟಾರ್ಮರ್‌ಗೆ ಕ್ಯಾಪ್ಟನ್ ಹೈಂಡ್‌ಸೈಟ್ ಅಂತ ಹೆಸರಿಟ್ಟರು ನೋಡಿ, ಎಲ್ಲ ಆದಮೇಲೆ ಬುದ್ಧಿ ಹೇಳುವವ ಅಂತ. ಅದು ಅಂಟಿಕೊಂಡಿತು. ಒಪ್ಪಲೇಬೇಕು.

ಟೀಸ್ ದಂಡೆ
8 ಮೇ 2021, ಸಂಜೆ 5:15

ಡರ್ಹಮ್ ಕೌಂಟಿ ಕೌನ್ಸಿಲ್‌ನಲ್ಲಿ ಬಹುಮತ ಹೋಗಿದೆ. ನೂರು ವರ್ಷದ ಹತ್ತಿರ ಹತ್ತಿರ ನಮ್ಮ ಕೈಲಿದ್ದದ್ದು, ಗಣಿ ಕಾರ್ಮಿಕರ ಸೀಮೆ. ಟೀಸ್ ವ್ಯಾಲಿ ಮೇಯರ್ ಆಗಿ ಕನ್ಸರ್ವೇಟಿವ್‌ನ ಬೆನ್ ಹೌಚೆನ್ 73% ತಗೊಂಡರು. ನನ್ನ ಬೀದಿಯವರೂ ಹಾಕಿರಬೇಕು. ವಿಮಾನ ನಿಲ್ದಾಣ ಉಳಿಸಿದ ಅಂತಾರೆ, ಅಷ್ಟೇ ಕಾರಣ. ಒಂದು ಮಾತು.

ಅದೇ ದಿನ ಮ್ಯಾಂಚೆಸ್ಟರ್‌ನಲ್ಲಿ ನಮ್ಮ ಆಂಡಿ ಬರ್ನಮ್‌ಗೆ 67%. ವೇಲ್ಸ್‌ನಲ್ಲಿ 60ರಲ್ಲಿ 30 ಸೀಟು ನಮ್ಮದು. ಪಕ್ಷ ಒಂದೇ, ಗಾಳಿ ಒಂದೇ, ಲಸಿಕೆಯೂ ಒಂದೇ. ಅಲ್ಲಿ ಯಾಕೆ ಗೆದ್ದರು? ಬರ್ನಮ್ ಅಂದ ತಕ್ಷಣ ಜನಕ್ಕೆ ಒಂದು ಚಿತ್ರ ಕಣ್ಣಮುಂದೆ ಬರುತ್ತೆ. ಹೋದ ಅಕ್ಟೋಬರ್‌ನಲ್ಲಿ ರಸ್ತೇಲಿ ನಿಂತು ಸರ್ಕಾರದ ಹತ್ತಿರ ದುಡ್ಡಿಗೆ ಜಗಳ ಆಡಿದ ಮನುಷ್ಯ ಅಂತ. ಸ್ಟಾರ್ಮರ್ ಅಂದರೆ ಏನು ಬರುತ್ತೆ? ನನಗಂತೂ ಅಂಗಡೀಲಿ ವಾಲ್‌ಪೇಪರ್ ಸುರುಳಿ ನೋಡ್ತಿರೋ ಫೋಟೋ ಬರುತ್ತೆ.

ಹುಬ್ಬಳ್ಳಿ ಮಿರ್ಚಿ
8 ಮೇ 2021, ರಾತ್ರಿ 9:02

ಸುದ್ದಿ ನೋಡಿದ್ರೇನು? ಉಪನಾಯಕಿ ಏಂಜೆಲಾ ರೇನರ್‌ನ ಪಕ್ಷದ ಅಧ್ಯಕ್ಷ ಸ್ಥಾನದಿಂದ ತಗದ್ರಂತ!! ಪ್ರಚಾರದ ಉಸ್ತುವಾರಿನೂ ಹೋತು. ನಿನ್ನೆ ಪೂರ್ತಿ ಜವಾಬ್ದಾರಿ ನಂದು ಅಂದಾವ ಇವತ್ತ ಆಕಿ ತಲಿಗೆ ಕಟ್ಟಿದ. ಅತ್ತಿ ಮ್ಯಾಲಿನ ಸಿಟ್ಟು ಕೊತ್ತಿ ಮ್ಯಾಲ!

ಕುಡ್ಲದ ಕಪ್ಪು ಕೋಟು
8 ಮೇ 2021, ರಾತ್ರಿ 9:25

ಇದನ್ನು ನಾನೂ ಸಮರ್ಥಿಸುವುದಿಲ್ಲ. ಉಪನಾಯಕಿಯನ್ನು ಸದಸ್ಯರು ನೇರ ಆರಿಸಿದ್ದು, ಆ ಹುದ್ದೆಯಿಂದ ತೆಗೆಯಲಿಕ್ಕೆ ಸ್ಟಾರ್ಮರ್‌ಗೆ ಅಧಿಕಾರ ಇಲ್ಲ. ಕಡಿಯಲಿಕ್ಕೆ ಆಗದ ಮರಕ್ಕೆ ಕತ್ತಿ ಹಾಕಬಾರದು. ಅದೂ ಒಳ್ಳೆ ಸುದ್ದಿ ಬರ್ತಿದ್ದ ಶನಿವಾರ ರಾತ್ರಿ. ನಮ್ಮ ಸಾದಿಕ್ ಖಾನ್ ಲಂಡನ್ ಮೇಯರ್ ಚುನಾವಣೆ ಗೆಲ್ಲುವುದನ್ನು ಈಗ ಯಾರು ಓದ್ತಾರೆ?

ಹುಬ್ಬಳ್ಳಿ ಮಿರ್ಚಿ
9 ಮೇ 2021, ರಾತ್ರಿ 10:40

ಇಡೀ ದಿನ ಬಾಗಲಾ ಹಾಕ್ಕೊಂಡು ಮಾತಾಡಿ ಈಗ ಪಟ್ಟಿ ಬಂದೈತಿ. ರೇನರ್ ಇನ್ನ ಮ್ಯಾಲ ಶ್ಯಾಡೋ ಫಸ್ಟ್ ಸೆಕ್ರೆಟರಿ ಆಫ್ ಸ್ಟೇಟ್, ಶ್ಯಾಡೋ ಚಾನ್ಸಲರ್ ಆಫ್ ದಿ ಡಚಿ ಆಫ್ ಲ್ಯಾಂಕಾಸ್ಟರ್, ಶ್ಯಾಡೋ ಸೆಕ್ರೆಟರಿ ಫಾರ್ ದಿ ಫ್ಯೂಚರ್ ಆಫ್ ವರ್ಕ್. ಲಗ್ನಪತ್ರಿಕಾದಾಗ ಸೋದರಮಾವನ ಹೆಸರಿನ ಮುಂದ ಹಾಕ್ತಾರಲ್ಲ, ಹಂಗ. ತಗೀಲಿಕ್ಕೆ ಹೋಗಿ ಮೂರು ಪಟ್ಟಾ ಕಟ್ಟಿ ಕಳಸ್ಯಾರ. ಇದು ನಾಯಕತ್ವ ಏನ್ರಿ ವಕೀಲ್ ಸಾಹೇಬ್ರ?

ಅನೆಲೀಸ್ ಡಾಡ್ಸ್ ಹೋಗಿ ರೇಚಲ್ ರೀವ್ಸ್ ನೆರಳು ಹಣಕಾಸು ಮಂತ್ರಿ ಆಗ್ಯಾರ. ಅಂದ್ರ ಬಂಡಿ ಇನ್ನೂ ಬಲಕ್ಕ ಹೊಂಟೈತಿ. ನಮ್ಮಂಥಾವರು ಕೆಳಗ ಜಿಗೀಬೇಕಷ್ಟ.

ನಿರ್ವಾಹಕರು
9 ಮೇ 2021, ರಾತ್ರಿ 11:15

ಈ ಎಳೆಯಲ್ಲಿ ನಿನ್ನೆ ರಾತ್ರಿಯಿಂದ ಹಾಕಿದ ಏಳು ಪ್ರತಿಕ್ರಿಯೆಗಳನ್ನು ತೆಗೆದಿದ್ದೇವೆ. ನಾಯಕರನ್ನು ಟೀಕಿಸಿ, ಸಹ ಸದಸ್ಯರ ಊರು, ಜಾತಿ, ಇಂಗ್ಲಿಷ್ ಉಚ್ಚಾರ ಎತ್ತಬೇಡಿ. ಎರಡನೇ ಸಲ ಹೇಳುವುದಿಲ್ಲ.

ಟೀಸ್ ದಂಡೆ
10 ಮೇ 2021, ಸಂಜೆ 6:30

ನನ್ನ ಮಾತು ಹೇಳಿ ಸುಮ್ಮನಾಗ್ತೀನಿ. ಅವರು ಹೋಗಬೇಕು ಅಂತ ನಾನು ಹೇಳಲ್ಲ. ಹೋದರೆ ಬರೋರು ಯಾರು? ಬರ್ನಮ್ ಪಾರ್ಲಿಮೆಂಟ್‌ನಲ್ಲೇ ಇಲ್ಲ. ಇನ್ನೊಂದು ನಾಯಕತ್ವದ ಚುನಾವಣೆ ಅಂದರೆ ಆರು ತಿಂಗಳು ನಾವು ನಾವೇ ಕಚ್ಚಾಡೋದು. ಆದರೆ ಕುಡ್ಲದವರೇ, ಜಾನ್ಸನ್ ಉತ್ತರ ಕೊಡಲಿಲ್ಲ ಅನ್ನೋದು ನಮ್ಮ ಉತ್ತರ ಆಗಲ್ಲ. ಮಿರ್ಚಿಯವರೇ, 2017ರ ಮಾತು ಆ ಮುದುಕಪ್ಪನ ಮನೇಲಿ 2019ರಲ್ಲಿ ನಡೀಲಿಲ್ಲ. ಅವರೇ ಹೇಳಿದರು, ಕಾರ್ಬಿನ್ ಕಾಲದಲ್ಲಿ ಮೊದಲ ಸಲ ವೋಟಿಗೇ ಹೋಗಲಿಲ್ಲವಂತೆ. ಇದನ್ನ ನಾನು ಮೊದಲೇ ಬರೀಬೇಕಿತ್ತು, ಯಾರಿಗೂ ನೋವಾಗೋದು ಬೇಡ ಅಂತ ಬಿಟ್ಟಿದ್ದೆ.

ಕುಡ್ಲದ ಕಪ್ಪು ಕೋಟು
2 ಜುಲೈ 2021, ಬೆಳಿಗ್ಗೆ 7:05

ಎದ್ದೇಳಿ ಮಾರಾಯ್ರೆ. ಬ್ಯಾಟ್ಲಿ ಆಂಡ್ ಸ್ಪೆನ್ ಉಪಚುನಾವಣೆಯಲ್ಲಿ ನಮ್ಮ ಸೀಟು ಉಳಿಯಿತು! ಕಿಮ್ ಲೆಡ್‌ಬೀಟರ್‌ಗೆ 13,296, ಕನ್ಸರ್ವೇಟಿವ್‌ಗೆ 12,973. ಅಂತರ 323. ಐದು ವರ್ಷದ ಹಿಂದೆ ಅದೇ ಕ್ಷೇತ್ರದಲ್ಲಿ ಕೊಲೆಯಾದ ನಮ್ಮ ಸಂಸದೆ ಜೋ ಕಾಕ್ಸ್ ಅವರ ತಂಗಿ. ಒಂದು ಕಾಲದ ಲೇಬರ್ ಸಂಸದ ಜಾರ್ಜ್ ಗ್ಯಾಲೋವೇ ಎದುರು ನಿಂತು 8,264 ತಿಂದರೂ ಗೆದ್ದದ್ದು.

ಹುಬ್ಬಳ್ಳಿ ಮಿರ್ಚಿ
2 ಜುಲೈ 2021, ಬೆಳಿಗ್ಗೆ 7:30

ಗೆದ್ದದ್ದು ಆ ಹೆಣ್ಣಮಗಳು, ಆಕಿಗೆ ಶರಣು. ಸ್ಟಾರ್ಮರ್ ಅಲ್ಲ. ಎರಡು ವಾರದ ಹಿಂದ ಚೆಶಮ್ ಆಂಡ್ ಅಮರ್‌ಶಮ್ ಉಪಚುನಾವಣ್ಯಾಗ ನಮಗ ಬಿದ್ದ ವೋಟು 622. ಇಡೀ ಕ್ಷೇತ್ರದಾಗ! ಠೇವಣಿ ಹೋತು. ಇದಕ್ಕಿಂತ ಹೆಚ್ಚು ಮಂದಿ ನಮ್ಮೂರಾಗ ಮುಂಜಿವಿಗೆ ಊಟಕ್ಕ ಬರ್ತಾರ.

ಲೆಸ್ಟರ್ ಅಮ್ಮ
2 ಜುಲೈ 2021, ಬೆಳಿಗ್ಗೆ 8:10

323 ಅಂದರೆ ನಮ್ಮ ಎರಡು ಬೀದಿ. ಅಷ್ಟರಲ್ಲಿ ಒಬ್ಬ ಮನುಷ್ಯನ ಕುರ್ಚಿ ಉಳಿಯಿತು. ನಾನು ಸಂಕಷ್ಟಿ ದಿನವಲ್ಲದಿದ್ದರೂ ಕಡುಬು ಮಾಡ್ತಿದ್ದೀನಿ.

ಹೊಸ ವೀಸಾ
5 ಜುಲೈ 2024, ಬೆಳಿಗ್ಗೆ 8:20

ಹಳೇ ಎಳೆ ಎಳೆದು ಮೇಲೆ ತಂದಿದ್ದಕ್ಕೆ ಕ್ಷಮೆ ಇರಲಿ. ರಾತ್ರಿಯೆಲ್ಲ ನಿದ್ದೆ ಇಲ್ಲ. ಲೇಬರ್ 411 ಸೀಟು, ಕನ್ಸರ್ವೇಟಿವ್ 121. ಸ್ಟಾರ್ಮರ್ ಪ್ರಧಾನಿ. ನಾನು ಮೊದಲ ಸಲ ಪಾರ್ಲಿಮೆಂಟ್‌ಗೆ ವೋಟು ಹಾಕಿದೆ, ಅಮ್ಮನ ದಯೆ. ಹಾರ್ಟ್ಲ್‌ಪೂಲ್ ಮರಳಿ ಲೇಬರ್‌ಗೆ ಬಂದಿದೆ, ಟೀಸ್ ದಂಡೆಯವರು ಎಲ್ಲಿದ್ದೀರಿ?

ಕುಡ್ಲದ ಕಪ್ಪು ಕೋಟು
5 ಜುಲೈ 2024, ಬೆಳಿಗ್ಗೆ 8:45

ನಾನು ಏನೂ ಹೇಳುವುದಿಲ್ಲ. ಬರೀ 411 ಅಂತ ಬರೆದು ಹೋಗ್ತೇನೆ. ಹಾರ್ಟ್ಲ್‌ಪೂಲ್ ಸೋತ ದಿನ ರಾಜೀನಾಮೆ ಕೊಡುವ ಯೋಚನೆ ಬಂದಿತ್ತು ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಅವತ್ತು ಇಲ್ಲಿ ಕೆಲವರ ಮಾತು ಕೇಳಿದ್ದರೆ ಎಂತ ಆಗ್ತಿತ್ತು?

ಹುಬ್ಬಳ್ಳಿ ಮಿರ್ಚಿ
5 ಜುಲೈ 2024, ಬೆಳಿಗ್ಗೆ 9:10

411 ಸೀಟು ಬರದ್ರಿ, 33.7% ವೋಟು ಬರೀಲಿಲ್ಲ. ಒಟ್ಟು ವೋಟು 97 ಲಕ್ಷ. 2019ರಾಗ, ನೀವು ಮರ್ಯಾದಿ ಹೋತು ಅಂತಿದ್ರಲ್ಲ, ಆವಾಗ 1 ಕೋಟಿ 2 ಲಕ್ಷಕ್ಕ ಹೆಚ್ಚಿತ್ತು. 2017ರಾಗ 1 ಕೋಟಿ 28 ಲಕ್ಷ. ಕಡಿಮಿ ವೋಟಿಗೆ ಎರಡರಷ್ಟು ಸೀಟು. ಲಾಕ್‌ಡೌನ್‌ನ್ಯಾಗ ಪಾರ್ಟಿ ಹಾವಳಿ ಮಾಡಿ ಜಾನ್ಸನ್ ಹೋದ, ಆಮ್ಯಾಲ ಪ್ರಧಾನಿ ಆದ ಟ್ರಸ್ ಐವತ್ತು ದಿನದಾಗ ಬ್ಯಾಂಕ್ ಬಡ್ಡಿ ಏರಿಸಿ ಹೋದ್ಲು, ಹಳೇ ಬ್ರೆಕ್ಸಿಟ್ ಪಾರ್ಟಿ ಅಂದ್ರ ಈಗಿನ ರಿಫಾರ್ಮ್‌ನವರು ಅವರ ವೋಟು ಹರದು ಹಂಚಿಕೊಂಡ್ರು. ನೀವ 2021ರಾಗ ಹೇಳಿದ್ರಿ ವಕೀಲ್ ಸಾಹೇಬ್ರ, ಅವರಿಬ್ಬರು ಹಂಚಿಕೊಂಡ್ರ ನಾವು ಉಳೀತೀವಿ ಅಂತ. ನಿಮ್ಮ ಲೆಕ್ಕ ನಿಮಗ ಒಪ್ಪಿಸಾಕತ್ತೀನಿ.

ನಾನು ಈ ಸಲ ಇಸ್ಲಿಂಗ್ಟನ್ ನಾರ್ತ್‌ನ್ಯಾಗ ಕಾರ್ಬಿನ್ ಪಕ್ಷೇತರ ನಿಂತಾಗ ಬಾಗಲಾ ಬಡದೆ. 7,247ರಿಂದ ಗೆದ್ದಾರ. ಲೇಬರ್ ಅಭ್ಯರ್ಥಿ ವಿರುದ್ಧ ಪ್ರಚಾರ ಮಾಡಿದ್ರ ಸದಸ್ಯತ್ವ ತಾನ ಹೋಗ್ತೈತಿ, ಅದಕ್ಕ ಅವರು ಪತ್ರ ಕಳಸೂಕಿಂತ ಮೊದಲ ನಾನ ಕಾರ್ಡ್ ಡ್ರಾದಾಗ ಇಟ್ಟೆ. ಹರದಿಲ್ಲ. ಯಾಕ ಹರೀಲಿಲ್ಲ ಅಂತ ಕೇಳಬ್ಯಾಡ್ರಿ.

ಲೆಸ್ಟರ್ ಅಮ್ಮ
5 ಜುಲೈ 2024, ಬೆಳಿಗ್ಗೆ 10:00

ದೇಶವೆಲ್ಲ ಕೆಂಪಾದ ರಾತ್ರಿ ನಮ್ಮ ಲೆಸ್ಟರ್ ಈಸ್ಟ್ ನೀಲಿಯಾಗಿದೆ ಮಕ್ಕಳೇ. ಶಿವಾನಿ ರಾಜಾ ಗೆದ್ದಳು. ಕನ್ಸರ್ವೇಟಿವ್‌ನವರು ಹೊಸದಾಗಿ ಗೆದ್ದ ಸೀಟು ಅದೊಂದೇ ಅಂತೆ. ನಮ್ಮ ಹಳೇ ಸಂಸದರಿಬ್ಬರು, ಕೀತ್ ವಾಜ್ ಮತ್ತು ಕ್ಲಾಡಿಯಾ ವೆಬ್, ಬೇರೆ ಬೇರೆ ನಿಂತು ವೋಟು ಒಡೆದರು. ಪಕ್ಕದ ಲೆಸ್ಟರ್ ಸೌತ್‌ನಲ್ಲಿ ಗಾಜಾ ವಿಷಯಕ್ಕೆ ಪಕ್ಷೇತರರೊಬ್ಬರು ನಮ್ಮ ಜೊನಾಥನ್ ಆಶ್‌ವರ್ತ್‌ರನ್ನ 979ರಿಂದ ಸೋಲಿಸಿದರು. ಪೊರಕೆ ಹಿಡಿದವರೇ ಊಟಕ್ಕೂ ಕೂತರು, ಅದು ನಾನು ಅಂದುಕೊಂಡಿರಲಿಲ್ಲ. ಆದರೆ ನನ್ನೆಲೆ ಹಾಕಿಲ್ಲ.

ಟೀಸ್ ದಂಡೆ
5 ಜುಲೈ 2024, ಸಂಜೆ 7:40

ಇಲ್ಲೇ ಇದ್ದೀನಿ, ಈಗ ಎದ್ದೆ. ಹಾರ್ಟ್ಲ್‌ಪೂಲ್‌ಗೆ ಈ ಸಲವೂ ಹೋಗಿದ್ದೆ, ಅದೇ ಸೌಟು. ಎರಡನೇ ಜಾಗಕ್ಕೆ ರಿಫಾರ್ಮ್ ಬಂದಿದೆ ಅನ್ನೋದನ್ನ ಸಂಭ್ರಮದಲ್ಲಿ ಯಾರೂ ಹೇಳ್ತಿಲ್ಲ.

ಈ ಸಲ ಒಂದು ಮಾತು ಇತ್ತು, ಕರಪತ್ರದ ಮೇಲೆ ದಪ್ಪಕ್ಷರದಲ್ಲಿ "ಬದಲಾವಣೆ". ಬಾಗಿಲು ತೆಗೆದವರಲ್ಲಿ ಸುಮಾರು ಜನ ನಾನು ಹೇಳೋಕೆ ಮೊದಲೇ "ಸಾಕಪ್ಪ, ಇವರು ಹೋಗಲಿ" ಅಂದರು. ನಮ್ಮವರು ಬರಲಿ ಅಂದವರು ಕಡಿಮೆ. ಮಿರ್ಚಿಯವರ ಲೆಕ್ಕ ನಂಗೆ ಬಾಗಿಲಲ್ಲೇ ಗೊತ್ತಾಗಿತ್ತು.

ಮುದುಕಪ್ಪನ ಮನೆಗೂ ಹೋದೆ. ಬಾಗಿಲು ಬದಲಾಗಿದೆ, ಕಿಂಡಿ ಇಲ್ಲ, ಗೋಡೆಗೆ ಅಂಚೆ ಡಬ್ಬಿ ಹಾಕಿದ್ದಾರೆ. ಬೆಲ್ ಎರಡು ಸಲ ಒತ್ತಿದೆ. ಕರಪತ್ರ ಡಬ್ಬಿಗೆ ಹಾಕಿ ಬಂದೆ.

ನೀಲಿ ಪೇಟ
5 ಜುಲೈ 2024, ರಾತ್ರಿ 8:15

365 ಇದ್ದದ್ದು ಐದೇ ವರ್ಷದಲ್ಲಿ 121. ಬೆಂಗಳೂರಿನ ಅಳಿಯ ಮಳೇಲಿ ನೆನೆಯುತ್ತಾ ಚುನಾವಣೆ ಘೋಷಿಸಿದಾಗಲೇ ನಂಗೆ ಜ್ವರ ಬಂದಿತ್ತು. ಇನ್ನು ವಿರೋಧ ಪಕ್ಷದ ನಾಯಕರನ್ನ ಹುಡುಕೋ ಸರದಿ ನಮ್ಮದು. ಹೊಸ ಎಳೆ ಶುರು ಮಾಡಿದ್ದೀನಿ, ಆಗಲೇ ಇಬ್ಬರು ಒಬ್ಬರನ್ನೊಬ್ಬರು ದ್ರೋಹಿ ಅಂದಾಯ್ತು. ಬೇಲಿ ಮೇಲಿಂದ ನೋಡೋಕೆ ಬನ್ನಿ.

ಹುಬ್ಬಳ್ಳಿ ಮಿರ್ಚಿ
5 ಜುಲೈ 2024, ರಾತ್ರಿ 8:22

ಬಂದ್ವಿ. ಮಂಡಕ್ಕಿ ನಾವು ತರ್ತೀವಿ.